ಚೌಕದ ಬ್ರಿಕ್ಕಿನಿಂದ ಉರುಳುವ ಚೆಂಡು

ಲೆಗೊ ಬ್ರಿಕ್ಕಿನಲ್ಲಿ ಮನೆ, ಲಾರಿ, ಕೋಟೆ ಕಟ್ಟುವುದು ಸುಲಭ. ಚೆಂಡು ಕಟ್ಟು ಎಂದರೆ ಮಕ್ಕಳು ತಬ್ಬಿಬ್ಬಾಗುತ್ತಾರೆ. ನಾನು ಮೊದಲು ಕಟ್ಟಿದ ಚೆಂಡಿನ ಹೊಟ್ಟೆಗೆ ಕೈಗೆ ಸಿಕ್ಕ ಬ್ರಿಕ್ಕನ್ನೆಲ್ಲ ತುಂಬಿದ್ದೆ. ಅಣ್ಣನ ಮಗಳು ನಡುಮನೆಯಲ್ಲಿ ಉರುಳಿಸಿದಳು. ಗೋಡೆಗೆ ಬಡಿದು ಎರಡು ಹೋಳಾಗಿ, ಚೂರುಗಳೆಲ್ಲ ಸೋಫಾದಡಿ ಸೇರಿದವು. ಅಂದಿನಿಂದ ಟೊಳ್ಳು ಚೆಂಡನ್ನೇ ಕಟ್ಟುತ್ತೇನೆ.

ಹಗುರವಾದರೆ ಬೇಗ ಉರುಳುತ್ತದೆ ಎಂಬುದು ತಪ್ಪು ನಂಬಿಕೆ. ಇಳಿಜಾರಿನಲ್ಲಿ ಗಟ್ಟಿ ಚೆಂಡಿಗಿಂತ ಟೊಳ್ಳು ಚೆಂಡು ತುಸು ನಿಧಾನವಾಗಿಯೇ ಇಳಿಯುತ್ತದೆ. ನಮಗೆ ಹಗುರ ಬೇಕಿರುವುದು ಬಾಳಿಕೆಗಾಗಿ. ಬ್ರಿಕ್ಕುಗಳು ಒಂದನ್ನೊಂದು ಹಿಡಿದಿರುವುದು ಬರೀ ಬಿಗಿತದಿಂದ. ತೂಕ ಕಡಿಮೆಯಾದಷ್ಟೂ ಪೆಟ್ಟು ಬಿದ್ದಾಗ ಆ ಹಿಡಿತ ಉಳಿಯುತ್ತದೆ.

ಇಡೀ ಕೆಲಸ ನಿಂತಿರುವುದು ಒಂದೇ ಲೆಕ್ಕದ ಮೇಲೆ. ಬ್ರಿಕ್ಕಿನ ತಲೆಯ ಮೇಲಿನ ಗುಬುಟು, ಅಂದರೆ ಸ್ಟಡ್, ಒಂದರಿಂದ ಇನ್ನೊಂದಕ್ಕೆ 8 ಮಿ.ಮೀ. ಬ್ರಿಕ್ಕಿನ ಎತ್ತರ 9.6 ಮಿ.ಮೀ., ತೆಳು ಪ್ಲೇಟಿನದು 3.2. ಎರಡು ಪ್ಲೇಟಿನ ಮೇಲೆ ಒಂದು ಬ್ರಿಕ್ ಇಟ್ಟರೆ 16 ಮಿ.ಮೀ.; ಅದು ಸರಿಯಾಗಿ ಎರಡು ಸ್ಟಡ್ ಅಗಲ. ಹೀಗೆ ಎತ್ತರವೂ ಅಗಲವೂ ತಾಳೆಯಾಗುವುದರಿಂದಲೇ ತುಂಡುಗಳನ್ನು ಅಡ್ಡ ಮಲಗಿಸಿ ಆರೂ ದಿಕ್ಕಿಗೆ ಕಟ್ಟಲು ಸಾಧ್ಯ. 2002ರಲ್ಲಿ ಬ್ರೂಸ್ ಲೋವೆಲ್ ಎಂಬ ಲೆಗೊ ಕಟ್ಟುಗಾರ ರೂಪಿಸಿದ, 6.8 ಸ್ಟಡ್ ಅಗಲದ ಪುಟ್ಟ ಚೆಂಡು ಹೀಗೆ ಆರು ಮುಖದ್ದು. ನಮ್ಮದು ಅದಕ್ಕಿಂತ ದೊಡ್ಡದು: 14 ಸ್ಟಡ್, ಅಂದರೆ ಸುಮಾರು 11 ಸೆಂ.ಮೀ.

ಮೊದಲು ಗ್ರಾಫ್ ಹಾಳೆ ತೆಗೆದುಕೊಳ್ಳಿ. 1 ಸೆಂ.ಮೀ.ಗೆ ಒಂದು ಸ್ಟಡ್ ಎಂದಿಟ್ಟುಕೊಂಡರೆ ಒಂದು ಪ್ಲೇಟಿನ ಎತ್ತರ 4 ಮಿ.ಮೀ. ಕೈವಾರದಿಂದ 7 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಅದರ ನಡುವೆ 8 ಸೆಂ.ಮೀ. ಚೌಕ ಬರೆಯಿರಿ. ಈ ಚೌಕವೇ ಒಳಗಿನ ಚೌಕಟ್ಟು. ಅದರ ನೆತ್ತಿಯಿಂದ ವೃತ್ತದವರೆಗೆ ಏಳು ಪ್ಲೇಟ್ ಹಿಡಿಯುತ್ತವೆ.

ಚೌಕಟ್ಟಿಗೆ 8×8 ಸ್ಟಡ್‌ನ ಸುತ್ತುಗೋಡೆ, ದಪ್ಪ ಒಂದೇ ಸ್ಟಡ್. ಅಡಿಗೆ ಎರಡು ವರಸೆ ಪ್ಲೇಟ್, ಮೇಲೆ ಆರು ವರಸೆ ಬ್ರಿಕ್: ಒಟ್ಟು 64 ಮಿ.ಮೀ., ಎಲ್ಲ ಕಡೆ ಸಮ. ಬ್ರಿಕ್ಕಿನ ಮೊದಲ ಮತ್ತು ಕೊನೆಯ ವರಸೆಯಲ್ಲಿ ಅಲ್ಲಲ್ಲಿ ಪಕ್ಕಕ್ಕೂ ಸ್ಟಡ್ ಇರುವ ಬ್ರಿಕ್ ಸೇರಿಸಿ; ಪಕ್ಕದ ನಾಲ್ಕು ಮುಖಗಳು ಅದಕ್ಕೇ ಅಂಟಿಕೊಳ್ಳುತ್ತವೆ. ನಡುವಿನ ನಾಲ್ಕು ವರಸೆಗೆ ಮೂಲೆ ಕಂಬಗಳಷ್ಟೇ ಸಾಕು. ಇಷ್ಟು ಜಾಗವನ್ನು 2×4 ಬ್ರಿಕ್ಕಿನಿಂದ ತುಂಬಿದ್ದರೆ 53 ಬ್ರಿಕ್, ಸುಮಾರು 120 ಗ್ರಾಂ ಆಗುತ್ತಿತ್ತು.

ಕಷ್ಟ ಬರುವುದು ತಳದಲ್ಲಿ, ಅಲ್ಲಿ ಸ್ಟಡ್ ಇರುವುದಿಲ್ಲ. ಪ್ರತಿ ಮೂಲೆಯಲ್ಲೂ, ಬ್ರಿಕ್ಕಿನ ಮೊದಲ ವರಸೆಯಲ್ಲಿ, ಒಳಮುಖವಾಗಿ ಒಂದು ಪಕ್ಕದ ಸ್ಟಡ್ ಬರುವಂತೆ ಮಾಡಿ. ಅದಕ್ಕೆ 1×2 ಪ್ಲೇಟ್ ಎರಡನ್ನು ಒಂದರ ಮೇಲೊಂದು ಸೇರಿಸಿ, ಅರ್ಧ ಕೆಳಗೆ ಜೋತಿರುವಂತೆ ಒತ್ತಿ. ಜೋತಿರುವ ಸ್ಟಡ್ಡಿಗೆ ಇನ್ನೊಂದು ಪಕ್ಕದ ಸ್ಟಡ್ ಬ್ರಿಕ್ಕನ್ನು ಹಾಕಿ, ಅದರ ಸ್ಟಡ್ ನೆಲದ ಕಡೆ ತಿರುಗಿರಲಿ. ಮತ್ತದೇ ಎರಡು ಪ್ಲೇಟ್, ಒಂದು ಬ್ರಿಕ್! ಇದು ಕೂಡಿಬಂದಾಗ ಆಗುವ ಖುಷಿಯೇ ಬೇರೆ.

ಇನ್ನು ಚೌಕಟ್ಟಿನ ಒಂದೊಂದು ಮುಖಕ್ಕೆ ಒಂದರಂತೆ ಆರು ಗುಮ್ಮಟ, ಆರೂ ಒಂದೇ ಅಚ್ಚು. ಗ್ರಾಫಿನಲ್ಲಿ ಪ್ರತಿ ಪ್ಲೇಟಿನ ನಡು ಎತ್ತರದಲ್ಲಿ ವೃತ್ತದ ಅರ್ಧ ಅಗಲವನ್ನು ಅಳೆಯಿರಿ: ಮೊದಲ ಪದರಕ್ಕೆ 5.6, ಐದನೆಯದಕ್ಕೆ 3.9, ಏಳನೆಯದಕ್ಕೆ 2.3 ಬರುತ್ತದೆ. ಅಷ್ಟು ತ್ರಿಜ್ಯದ ವೃತ್ತವನ್ನು ಬೇರೆ ಹಾಳೆಯಲ್ಲಿ ಎಳೆದು, ಯಾವ ಚೌಕದ ಮಧ್ಯಬಿಂದು ಒಳಗೆ ಬೀಳುತ್ತದೋ ಅದಕ್ಕೆ ಬಣ್ಣ ಹಚ್ಚಿ. ಒಂದು ಕಡೆ ಎಂಟು ಸ್ಟಡ್ ಮೀರಬಾರದು; ಇನ್ನೊಂದು ಕಡೆ ಚೌಕಟ್ಟಿನಾಚೆ ಚಾಚಿಕೊಳ್ಳಲಿ. ಮೊದಲ ನಾಲ್ಕು ಪದರದ ನಡುವೆ 4×4 ಖಾಲಿ ಬಿಡಿ, ಐದನೆಯದು ಮುಚ್ಚಳ. ಏಳನೆಯ 4×4 ಪದರಕ್ಕೆ ಪ್ಲೇಟ್ ಬದಲು ಸ್ಟಡ್ ಇಲ್ಲದ ನುಣುಪಾದ ಟೈಲ್ ಹಾಕಿ.

ಕೂರಿಸುವಾಗ ವಾಲಿಬಾಲ್ ನೆನಪಿಸಿಕೊಳ್ಳಿ. ಮೇಲೆ-ಕೆಳಗಿನ ಗುಮ್ಮಟಗಳು ಎಡಬಲಕ್ಕೆ ಚಾಚಲಿ, ಎಡಬಲದವು ಹಿಂದೆ-ಮುಂದೆ, ಹಿಂದೆ-ಮುಂದಿನವು ಮೇಲೆ-ಕೆಳಗೆ. ಒಂದು ಅಡ್ಡತಿಡ್ಡ ಆದರೂ ಅಂಚುಗಳು ಡಿಕ್ಕಿ ಹೊಡೆಯುತ್ತವೆ.

ಕೂರಿಸುವ ಮುನ್ನ ಆರನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಆಮೇಲೆ ಸಮ ನೆಲದಲ್ಲಿ ಮೆಲ್ಲಗೆ ತಳ್ಳಿ. ಪ್ರತಿ ಸಲವೂ ಒಂದೇ ಮುಖ ಅಡಿಗೆ ಬಂದು ನಿಂತರೆ ಅತ್ತ ತೂಕ ಹೆಚ್ಚಿದೆ ಎಂದರ್ಥ; ಎದುರಿನ ಗುಮ್ಮಟದ ಒಳಗೆ 1×1 ಪ್ಲೇಟ್ ಒಂದೊಂದಾಗಿ ಒತ್ತುತ್ತಾ ಹೋಗಿ. ಮೆಟ್ಟಿಲು ಮೆಟ್ಟಿಲಾದ ಮೈ ಬರಿ ನೆಲದಲ್ಲಿ ಕಟಕಟ ಎನ್ನುತ್ತದೆ. ಜಮಖಾನ ಹಾಸಿದರೆ ಸದ್ದಿಲ್ಲದೆ, ಇನ್ನಷ್ಟು ನೇರವಾಗಿ ಉರುಳುತ್ತದೆ.