ಹಳೆಯ ಸೀರೆಯಿಂದ ಕೌದಿ: ಬಟ್ಟೆ ಆಯುವುದರಿಂದ ಕೊನೆಯ ಸುತ್ತಿನವರೆಗೆ

ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ ಕೂಡಿಸಿ ಹೊಲಿದ ಹೊದಿಕೆಯೇ ಕೌದಿ. ಅದು ಎಷ್ಟು ವರ್ಷ ಬಾಳುತ್ತದೆ ಎಂಬುದು ಸೂಜಿಗೆ ದಾರ ಪೋಣಿಸುವ ಮೊದಲೇ, ಬಟ್ಟೆ ಆಯುವಾಗಲೇ, ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಮೊದಲ ಸಲ ಹೊಲಿಯುವವರು ಸಾಮಾನ್ಯವಾಗಿ ಮೇಲಿನ ತುಂಡುಗಳ ಬಣ್ಣ ಹೊಂದಿಸುವುದಕ್ಕೆ ಹೆಚ್ಚು ಸಮಯ ಕೊಡುತ್ತಾರೆ. ಒಳಗಿನ ಪದರಗಳಿಗೆ ಕೈಗೆ ಸಿಕ್ಕ ಬಟ್ಟೆಯನ್ನು ತುರುಕುತ್ತಾರೆ. ಕ್ರಮ ಇದಕ್ಕೆ ತಿರುಗುಮುರುಗಾಗಿರಬೇಕು. ಒಳಪದರ ಮೃದುವಾಗಿ, ಸಮನಾಗಿ, ಒಂದೇ ಬಗೆಯ ನೂಲಿನದಾಗಿದ್ದರೆ ಮೇಲೆ ಯಾವ ತುಂಡು ಹಾಕಿದರೂ ಕೌದಿ ಕುಳಿತುಕೊಳ್ಳುತ್ತದೆ. ಅದು ಸರಿಯಿಲ್ಲದಿದ್ದರೆ ಎಷ್ಟು ಚೆಂದದ ತುಂಡುಗಳಿದ್ದರೂ ಎರಡನೆಯ ಒಗೆತಕ್ಕೆ ಸುರುಟಿಕೊಳ್ಳುತ್ತದೆ.

ಒಳಪದರಕ್ಕೆ ಅತ್ಯುತ್ತಮವಾದುದು ಅನೇಕ ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆ ಅಥವಾ ಧೋತರ. ಬಿಳಿಯ ಧೋತರಕ್ಕೆ ಬಣ್ಣ ಬಿಡುವ ಭಯವಿಲ್ಲ, ಅದರ ಅಂಚೂ ಸೂಜಿಗೆ ಅಡ್ಡಿಯಾಗುವುದಿಲ್ಲ. ಈಗಿನ ದಿನಬಳಕೆಯ ಸೀರೆಗಳಲ್ಲಿ ಪಾಲಿಯೆಸ್ಟರ್ ಬೆರೆತವು ಬಹಳ ಇರುವುದರಿಂದ ಮೊದಲು ಒಂದು ಹನಿ ನೀರು ಹಾಕಿ ನೋಡಬೇಕು. ಹಳೆಯ ಹತ್ತಿಬಟ್ಟೆಯಲ್ಲಿ ನೀರು ತಕ್ಷಣ ಹರಡಿಕೊಳ್ಳುತ್ತದೆ, ಪಾಲಿಯೆಸ್ಟರಿನ ಮೇಲೆ ಸ್ವಲ್ಪ ಹೊತ್ತು ಹನಿಯಾಗಿಯೇ ನಿಲ್ಲುತ್ತದೆ. ಅಂಥ ಬಟ್ಟೆ ಬೆವರು ಹೀರುವುದಿಲ್ಲ, ಪದರಗಳ ನಡುವೆ ಜಾರುತ್ತದೆ. ಅದನ್ನು ಕೌದಿಗೆ ಸೇರಿಸದಿರುವುದೇ ಒಳ್ಳೆಯದು. ಎರಡನೆಯ ಪರೀಕ್ಷೆ ಬಲದ್ದು: ಬಟ್ಟೆಯನ್ನು ಎರಡೂ ಕೈಗಳ ಹೆಬ್ಬೆರಳಿನಿಂದ ಒತ್ತಿ ಹಿಡಿದು ಎಳೆದಾಗ ಪರ್ ಎಂದು ಹರಿದರೆ ಅದು ಹೊರಪದರಕ್ಕೆ ಯೋಗ್ಯವಲ್ಲ. ಆದರೆ ಹೊರಗೆ ಎರಡು ಗಟ್ಟಿ ಪದರಗಳಿದ್ದರೆ ಅದನ್ನು ನಡುವೆ ಹಾಸಲು ಅಡ್ಡಿಯಿಲ್ಲ. ಹಳೆಯ ಸೀರೆಗೆ ಬದಲಾಗಿ ಸ್ಟೀಲಿನ ಡಬ್ಬಿ ಕೊಡುವವರು ಓಣಿಗೆ ಬಂದಾಗ ಮೊದಲು ಹೊರಗೆ ಹೋಗುವುದು ಇಂಥ ಮೆತ್ತನೆಯ ಸೀರೆಗಳೇ ಎಂಬುದು ಬೇಸರದ ಸಂಗತಿ.

ಬಣ್ಣದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಚಂದ್ರಕಾಳಿ ಸೀರೆಯ ಕಪ್ಪು, ಇಳಕಲ್ ಸೆರಗಿನ ಕೆಂಪು, ಕಡು ನೀಲಿ ಇವುಗಳನ್ನು ಬೇರೆಬೇರೆ ನೆನೆಸಿ, ಒದ್ದೆಯಿರುವಾಗಲೇ ಬಿಳಿ ಅರಿವೆಯಿಂದ ಒತ್ತಿ ಉಜ್ಜಬೇಕು. ಅರಿವೆಗೆ ಬಣ್ಣ ಹತ್ತಿದರೆ ನೀರು ತಿಳಿಯಾಗುವ ತನಕ ಮತ್ತೆಮತ್ತೆ ಒಗೆಯಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಉಪ್ಪು ಬಣ್ಣ ಹಾಕುವಾಗ ನೂಲಿಗೆ ಬಣ್ಣ ಹಿಡಿಯಲು ನೆರವಾಗುತ್ತದೆ ನಿಜ, ಆದರೆ ನೇಯ್ದು ಮುಗಿದ ಬಟ್ಟೆ ಬಣ್ಣ ಬಿಡುವುದನ್ನು ಅದು ನಿಲ್ಲಿಸುತ್ತದೆಂದು ನಂಬಿ ಕೂರುವಂತಿಲ್ಲ. ಎಷ್ಟು ಒಗೆದರೂ ಬಣ್ಣ ಬಿಡುವ ಬಟ್ಟೆಯನ್ನು ತೆಗೆದಿಡಿ. ಹೊಸ ಬಟ್ಟೆಯ ತುಂಡು ಸೇರಿಸುವುದಾದರೆ ಅದನ್ನೂ ಒಂದೆರಡು ಸಲ ಒಗೆದು ಒಣಗಿಸಬೇಕು. ಹೊಸ ಹತ್ತಿ ಒಗೆತಕ್ಕೆ ಕುಗ್ಗುತ್ತದೆ, ಹಳೆಯದು ಆಗಲೇ ಕುಗ್ಗಿ ಮುಗಿದಿರುತ್ತದೆ, ಹೀಗಾಗಿ ಎರಡನ್ನೂ ಹಾಗೆಯೇ ಸೇರಿಸಿ ಹೊಲಿದರೆ ಹೊಸ ತುಂಡಿನ ಸುತ್ತ ನೆರಿಗೆ ಬೀಳುತ್ತದೆ.

ಅಳತೆಗೆ ಸುಲಭದ ದಾರಿಯೊಂದಿದೆ. ಸಾಮಾನ್ಯ ಸೀರೆಯ ಉದ್ದ ಸುಮಾರು 5.5 ಮೀಟರ್, ಅಗಲ ಸುಮಾರು 115 ಸೆಂಟಿಮೀಟರ್. ಅದನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಎಲ್ಲಿಯೂ ಕತ್ತರಿಸದೆ, ಎಲ್ಲಿಯೂ ಜೋಡಿಸದೆ, ಸುಮಾರು 183 ಸೆಂಟಿಮೀಟರ್ ಉದ್ದದ ಮೂರು ಪದರಗಳ ತಳ ಸಿದ್ಧವಾಗುತ್ತದೆ. ಅದು ಒಬ್ಬರು ಹೊದೆಯಲು ಸಾಕು. ಹಳೆಯ ಕಾಲದ ಒಂಬತ್ತು ಗಜದ ಸೀರೆಯಿದ್ದರೆ ಅದರ ಉದ್ದ 8.2 ಮೀಟರ್ ಇರುವುದರಿಂದ ನಾಲ್ಕು ಮಡಿಕೆ ಮಾಡಿದಾಗ ಎರಡು ಮೀಟರಿಗಿಂತ ತುಸು ಉದ್ದದ ತಳ ದೊರೆಯುತ್ತದೆ. ತಳಕ್ಕೆ ಸಣ್ಣ ದಡಿಯ (ಅಂಚುಪಟ್ಟಿಯ) ಸೀರೆಯನ್ನೇ ಆರಿಸಬೇಕು. ಅಗಲ ದಡಿಯ ಸೀರೆಯನ್ನು ಮಡಿಚಿದಾಗ ದಡಿಯ ಮೇಲೆ ದಡಿ ಕುಳಿತು ಸೂಜಿ ಇಳಿಯುವುದೇ ಕಷ್ಟವಾಗುತ್ತದೆ. ಮೇಲಿನ ತುಂಡುಗಳೂ ಸೇರಿ ಒಟ್ಟು ಐದು ಪದರ ಮೀರಬಾರದು. ಮೀರಿದರೆ ಹೊಲಿಗೆ ಉದ್ದವಾಗುತ್ತದೆ, ಕೈ ನೋಯುತ್ತದೆ, ಒಗೆದ ಮೇಲೆ ಒಳಗಿನ ಪದರ ಬೇಗ ಒಣಗುವುದಿಲ್ಲ. ಅಭ್ಯಾಸವಿಲ್ಲದವರು ತೊಟ್ಟಿಲ ಕೂಸಿಗಾಗಿ 75 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದದ ಸಣ್ಣ ಕೌದಿಯಿಂದ ಆರಂಭಿಸುವುದು ಮೇಲು. ಅದಕ್ಕೆ ಜರಿಯಿರುವ ಯಾವ ತುಂಡನ್ನೂ ಬಳಸಬಾರದು, ಜರಿ ಕೂಸಿನ ಮೈಗೆ ಚುಚ್ಚುತ್ತದೆ.

ಇನ್ನು ಮೇಲಿನ ತುಂಡುಗಳು. ಇಳಕಲ್ ಸೀರೆಯ ಒಡಲಿನ ಚೌಕಡಿ ಮತ್ತು ಕಡ್ಡಿಗಳು ಇದಕ್ಕೆ ಬಹಳ ಒಪ್ಪುತ್ತವೆ. ಸೆರಗಿನ ಹಾಸುನೂಲನ್ನು (ಉದ್ದಕ್ಕೆ ಓಡುವ ಎಳೆಗಳನ್ನು) ಒಡಲಿನ ಹಾಸುನೂಲಿಗೆ ಕೊಂಡಿ ಹಾಕಿ ಸೇರಿಸಿರುವ ಜಾಗ ಮಾತ್ರ ತುಂಡಿನ ಅಂಚಿಗೆ ಬರದಂತೆ ಕತ್ತರಿಸಬೇಕು. ಗುಳೇದಗುಡ್ಡದ ಖಣದ (ಕುಬಸಕ್ಕೆಂದೇ ನೇಯ್ದ ಬಟ್ಟೆಯ) ಹಳೆಯ ಕುಬಸಗಳಿದ್ದರೆ ಕಂಕುಳಿನ ಭಾಗ ಬೆವರಿಗೆ ಸವೆದಿರುತ್ತದೆ, ಬೆನ್ನಿನ ಭಾಗ ಚೆನ್ನಾಗಿ ಉಳಿದಿರುತ್ತದೆ. ಖಣದ ಎಳೆ ಬೇಗ ಬಿಚ್ಚಿಕೊಳ್ಳುವುದರಿಂದ ಅದರ ಅಂಚನ್ನು ಒಂದೂವರೆ ಸೆಂಟಿಮೀಟರಿನಷ್ಟು ಒಳಗೆ ಮಡಿಚಬೇಕು, ಉಳಿದ ತುಂಡುಗಳಿಗೆ ಒಂದು ಸೆಂಟಿಮೀಟರ್ ಸಾಕು. ತುಂಡುಗಳ ಗಾತ್ರ ನಾಲ್ಕು ಬೆರಳಿನಿಂದ ಒಂದು ಗೇಣಿನವರೆಗೆ ಇರಲಿ. ಎಲ್ಲವೂ ಒಂದೇ ಅಳತೆಯ ಚೌಕಗಳಾಗಬೇಕೆಂಬ ಹಟ ನನಗೆ ಸರಿಕಾಣುವುದಿಲ್ಲ. ಹಾಗೆ ಮಾಡಲು ಹೋದರೆ ಒಳ್ಳೆಯ ಬಟ್ಟೆಯ ಅರ್ಧಭಾಗ ಚಿಂದಿಯಾಗಿ ಉಳಿಯುತ್ತದೆ.

ಸೂಜಿ ಉದ್ದವಾಗಿ, ತೆಳುವಾಗಿರಬೇಕು. ಚೀಲ ಹೊಲಿಯುವ ದಬ್ಬಣ ಬೇಡ, ಅದು ಹಳೆಯ ಬಟ್ಟೆಯಲ್ಲಿ ಮುಚ್ಚಿಕೊಳ್ಳದ ತೂತು ಮಾಡುತ್ತದೆ. ದಾರ ಹತ್ತಿಯದೇ ಆಗಿರಲಿ. ನೈಲಾನ್ ದಾರ ತಾನು ಹರಿಯದೆ ಬಟ್ಟೆಯನ್ನು ಕೊಯ್ಯುತ್ತದೆ. ಎಷ್ಟು ದಾರ ಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಬಹುದು: 115 ಸೆಂಟಿಮೀಟರ್ ಅಗಲ, 183 ಸೆಂಟಿಮೀಟರ್ ಉದ್ದದ ಕೌದಿಯಲ್ಲಿ ಒಂದೂವರೆ ಸೆಂಟಿಮೀಟರಿಗೊಂದು ಸಾಲು ಹಾಕಿದರೆ ಸಾಲುಗಳ ಒಟ್ಟು ಉದ್ದ ಸುಮಾರು 140 ಮೀಟರ್ ಆಗುತ್ತದೆ. ಪದರ ದಾಟುವಾಗ ಮತ್ತು ಗಂಟು ಹಾಕುವಾಗ ಹೋಗುವ ದಾರವನ್ನು ಸೇರಿಸಿದರೆ 180 ಮೀಟರ್, ಜೋಡಿ ಎಳೆಯಾದರೆ 360 ಮೀಟರ್ ಬೇಕು. ಒಂದೇ ಬಣ್ಣದ ದಾರ ನಡುವೆ ಮುಗಿದು ಪೇಟೆಗೆ ಓಡುವ ಪಾಡು ಇದರಿಂದ ತಪ್ಪುತ್ತದೆ. ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಅಂಗುಸ್ತಾನ ಇರಲೇಬೇಕು.

ಹೊಲಿಗೆ ಯಂತ್ರದಲ್ಲಿ ಬೇಗ ಮುಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಯಂತ್ರದ ಹೊಲಿಗೆ ಒತ್ತಾಗಿರುವುದರಿಂದ ಸವೆದ ಬಟ್ಟೆಯಲ್ಲಿ ತೂತುಗಳ ಸಾಲೇ ನಿರ್ಮಾಣವಾಗಿ, ಕೆಲವು ಒಗೆತಗಳ ನಂತರ ಬಟ್ಟೆ ಆ ಗೆರೆಯುದ್ದಕ್ಕೂ ಬಿಡುತ್ತದೆ. ಕೈಹೊಲಿಗೆಯಲ್ಲಿ ಟಾಕುಗಳ (ಸೂಜಿ ಹಾಕುವ ಒಂದೊಂದು ಹೊಲಿಗೆಯ) ನಡುವೆ ಅಂತರವಿರುತ್ತದೆ, ದಾರಕ್ಕೆ ತುಸು ಸಡಿಲಿರುತ್ತದೆ, ಎಳೆದಾಗ ಬಟ್ಟೆ ಅತ್ತಿತ್ತ ಸರಿದು ಆ ಎಳೆತವನ್ನು ತಾಳಿಕೊಳ್ಳುತ್ತದೆ. ಹೊಸ ಬಟ್ಟೆಗೆ ಯಂತ್ರ ಸರಿ, ಹಳೆಯದಕ್ಕೆ ಕೈಯೇ ಸರಿ.

ನೆಲವನ್ನು ಗುಡಿಸಿ ಒರೆಸಿ, ತಳದ ಪದರಗಳನ್ನು ಹಾಸಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಿ ಸುಕ್ಕು ತೆಗೆಯಿರಿ. ನಾಲ್ಕು ಮೂಲೆಗಳಿಗೆ ಗುಂಡುಕಲ್ಲು ಅಥವಾ ಅಂಥದೇ ಭಾರವಿಟ್ಟು, ಉದ್ದಕ್ಕೂ ಅಡ್ಡಕ್ಕೂ ಒಂದೊಂದು ಗೇಣಿಗೆ ಒಂದರಂತೆ ಕಚ್ಚಾ ಹೊಲಿಗೆಯ ಸಾಲು ಹಾಕಬೇಕು. ಈ ಕೆಲಸವನ್ನು ತಪ್ಪಿಸಬಾರದು. ಕೌದಿಯನ್ನು ಹೊರಗಿನಿಂದ ಒಳಗೆ ಸುತ್ತುಸುತ್ತಾಗಿ ಹೊಲಿಯುವುದರಿಂದ ತಳದಲ್ಲಿ ಉಳಿದ ಸಡಿಲವೆಲ್ಲ ಸುತ್ತಿನಿಂದ ಸುತ್ತಿಗೆ ತಳ್ಳಿಸಿಕೊಂಡು ಕೊನೆಗೆ ನಟ್ಟನಡುವೆ ಗುಳ್ಳೆಯಾಗಿ ಏಳುತ್ತದೆ, ಆಗ ಅದನ್ನು ಎಲ್ಲಿಗೂ ಕಳಿಸಲಾಗದು. ಕಚ್ಚಾ ಸಾಲುಗಳು ಆ ಸಡಿಲವನ್ನು ಆಯಾ ಜಾಗದಲ್ಲೇ ಹಿಡಿದಿಡುತ್ತವೆ.

ಅಂಚಿಗೆ ಇಳಕಲ್ ಸೀರೆಯ ದಡಿಯಷ್ಟು ಗಟ್ಟಿಯಾದುದು ಮತ್ತೊಂದಿಲ್ಲ. ಈ ಅಳತೆಯ ಕೌದಿಯ ಸುತ್ತಳತೆ ಸುಮಾರು ಆರು ಮೀಟರ್. ಸೀರೆಯ ಒಂದು ದಡಿ ಐದೂವರೆ ಮೀಟರ್ ಮಾತ್ರ ಇರುವುದರಿಂದ ಎರಡನೆಯ ದಡಿಯಿಂದ ಸ್ವಲ್ಪ ತೆಗೆದುಕೊಳ್ಳಬೇಕಾಗುತ್ತದೆ. ದಡಿಯನ್ನು ಒಡಲಿನಿಂದ ಕತ್ತರಿಸಿ, ನೇಯ್ಗೆಯ ಗಟ್ಟಿ ಅಂಚು ಮೇಲ್ಗಡೆ, ಕತ್ತರಿಸಿದ ಅಂಚು ಒಂದು ಸೆಂಟಿಮೀಟರ್ ಮಡಿಕೆಯಾಗಿ ಕೆಳಗಡೆ ಬರುವಂತೆ ಕೌದಿಯ ಅಂಚನ್ನು ನಡುವೆ ಸೇರಿಸಿ ಮಡಿಚಿ. ಮೂಲೆಗಳಲ್ಲಿ ಕತ್ತರಿಸದೆ ಓರೆಯಾಗಿ ಮಡಿಚಿದರೆ ಸಾಕು. ಈಗಲೇ ಹೊಲಿದು ಮುಗಿಸಬೇಡಿ. ಮೇಲ್ಗಡೆಯನ್ನು ತುಸು ಎತ್ತಿ ಮೊದಲ ಸುತ್ತಿನ ತುಂಡುಗಳ ಹೊರಅಂಚನ್ನು ಅದರ ಕೆಳಗೆ ಎರಡು ಸೆಂಟಿಮೀಟರಿನಷ್ಟು ತಳ್ಳಿ, ನಂತರ ಎಲ್ಲವನ್ನೂ ಒಟ್ಟಿಗೆ ಹಿಡಿದು ಹೊಲಿಯಬೇಕು.

ತುಂಡು ಕೂರಿಸುವ ಕ್ರಮದಲ್ಲಿಯೇ ಕೌದಿಯ ಜಾಣ್ಮೆಯಿದೆ. ಪ್ರತಿ ತುಂಡಿನ ನಾಲ್ಕು ಅಂಚುಗಳನ್ನೂ ಮಡಿಚಿ ಮೊದಲು ಬೇರೆಯಾಗಿ ಹೊಲಿದು, ಆಮೇಲೆ ಪದರಗಳನ್ನು ಹೊಲಿಯುವುದು ಎರಡು ಪಟ್ಟು ಕೆಲಸ. ಒಂದು ಸುತ್ತಿನಲ್ಲಿ ಪಕ್ಕಪಕ್ಕದ ತುಂಡುಗಳನ್ನು ಒಂದರ ಮೇಲೊಂದು ಎರಡು ಸೆಂಟಿಮೀಟರ್ ಏರುವಂತೆ ಇಟ್ಟು, ಮೇಲೆ ಬರುವ ತುಂಡಿನ ಆ ಬದಿಯನ್ನಷ್ಟೇ ಮಡಿಚಿದರೆ ಸಾಕು. ಕೌದಿಯ ನಡುವಿನ ಕಡೆಗಿರುವ ಅಂಚನ್ನು ಮಡಿಚದೆ ಹಾಗೆಯೇ ಬಿಡಬೇಕು. ಆ ಸುತ್ತನ್ನು ಸಾಲುಸಾಲಾಗಿ ಹೊಲಿಯುತ್ತ ಬಂದು, ಬಿಟ್ಟ ಅಂಚಿಗೆ ಎರಡು ಸೆಂಟಿಮೀಟರ್ ಇರುವಾಗ ನಿಲ್ಲಿಸಿ, ಮುಂದಿನ ಸುತ್ತಿನ ತುಂಡುಗಳ ಹೊರಅಂಚನ್ನು ಮಡಿಚಿ ಅದರ ಮೇಲೆ ಕೂರಿಸಿದರೆ ಬಿಟ್ಟ ಅಂಚು ತಾನಾಗಿ ಮುಚ್ಚಿಹೋಗುತ್ತದೆ. ಹೀಗೆ ಒಂದೇ ಹೊಲಿಗೆ ತುಂಡನ್ನೂ ಹಿಡಿಯುತ್ತದೆ, ಪದರಗಳನ್ನೂ ಕೂಡಿಸುತ್ತದೆ. ನಾಲ್ಕೂ ಅಂಚುಗಳನ್ನು ಮಡಿಚಬೇಕಾದ ತುಂಡು ಒಂದೇ, ಅದು ನಡುವಿನ ಕೊನೆಯದು. ಮನೆಯಲ್ಲಿರುವ ಒಳ್ಳೆಯ ಖಣವನ್ನು ಅಲ್ಲಿಗೆ ಉಳಿಸಿಕೊಳ್ಳಿ.

ಹೊಲಿಗೆ ಸಾದಾ ಹೊಲಿಗೆಯೇ, ಸೂಜಿ ಮೇಲೆ ಕೆಳಗೆ ಓಡುವಂಥದ್ದು. ಕಸೂತಿಯ ನೇಗಿ ಎಂಬ ಹೊಲಿಗೆಯಂತೆ ಎಳೆ ಎಣಿಸುವ ಅಗತ್ಯವಿಲ್ಲ, ಆದರೆ ಟಾಕು ಅರ್ಧ ಸೆಂಟಿಮೀಟರಿನ ಆಸುಪಾಸಿನಲ್ಲಿ ಸಮನಾಗಿರಬೇಕು. ಉದ್ದದ ಟಾಕಿಗೆ ಕಾಲ್ಬೆರಳು, ಕಾಲುಂಗುರ ಸಿಕ್ಕಿಕೊಳ್ಳುತ್ತದೆ. ಪ್ರತಿ ಟಾಕೂ ಅಡಿಯ ಪದರದವರೆಗೆ ಇಳಿದಿದೆಯೇ ಎಂದು ಎಡಗೈ ಬೆರಳನ್ನು ಕೆಳಗಿಟ್ಟು ತಿಳಿದುಕೊಳ್ಳುತ್ತಿರಬೇಕು. ದಾರವನ್ನು ಒಂದು ತೋಳಿನಷ್ಟು ಉದ್ದಕ್ಕಿಂತ ಹೆಚ್ಚು ತೆಗೆದುಕೊಂಡರೆ ಅದು ತೊಡಕಾಗುತ್ತದೆ, ಪದೇಪದೇ ಬಟ್ಟೆಯೊಳಗೆ ಹಾಯ್ದು ಸವೆಯುತ್ತದೆ. ಗಂಟನ್ನು ಪದರಗಳ ನಡುವೆ ಎಳೆದು ಮುಚ್ಚಿಬಿಡಿ. ಮೂಲೆಯಲ್ಲಿ ಹೊಸ ದಾರ ಆರಂಭಿಸಬೇಡಿ, ಎಳೆತ ಹೆಚ್ಚು ಬೀಳುವುದು ಅಲ್ಲಿಯೇ. ಒಂದು ದಾರ ಮುಗಿದಾಗಲೆಲ್ಲ ಆ ಸಾಲನ್ನು ಎರಡೂ ಕೈಗಳಿಂದ ಹಗುರವಾಗಿ ಎಳೆದು ನೋಡಬೇಕು. ಸಾಲು ನೆರಿಗೆಗಟ್ಟಿದ್ದರೆ ಈ ಎಳೆತಕ್ಕೆ ದಾರ ಸರಿದು ಸಮನಾಗುತ್ತದೆ.

ಅತ್ತೆ ಸೊಸೆ, ಓರಗಿತ್ತಿಯರು ಇಬ್ಬರು ಮೂವರು ಕೂಡಿ ಹೊಲಿಯುವುದು ಉತ್ತರ ಕರ್ನಾಟಕದಲ್ಲಿ ರೂಢಿ, ಮಾತಿನ ನಡುವೆ ಕೆಲಸವೂ ಸಾಗುತ್ತದೆ. ಆದರೆ ಒಬ್ಬರ ಕೈ ಬಿಗಿ, ಮತ್ತೊಬ್ಬರದು ಸಡಿಲ. ಪ್ರತಿಯೊಬ್ಬರೂ ತಮ್ಮ ಬದಿಯಲ್ಲೇ ಕೊನೆಯವರೆಗೆ ಕುಳಿತರೆ ಕೌದಿ ಒಂದು ಕಡೆಗೆ ಎಳೆದುಕೊಂಡು ಓರೆಯಾಗುತ್ತದೆ. ಸುತ್ತು ಮುಗಿದಾಗಲೆಲ್ಲ ಬದಿ ಬದಲಿಸಿಕೊಂಡರೆ ಬಿಗಿ, ಸಡಿಲ ಎಲ್ಲ ಕಡೆಯೂ ಹಂಚಿಹೋಗುತ್ತವೆ. ಅಷ್ಟಾದರೂ ನಡುವೆ ಗುಳ್ಳೆಯೆದ್ದರೆ ಅಲ್ಲಿನ ಕಚ್ಚಾ ಹೊಲಿಗೆ ಬಿಚ್ಚಿ, ಹೆಚ್ಚಾದ ಬಟ್ಟೆಯನ್ನು ಒಂದು ಸಣ್ಣ ಮಡಿಕೆಯಾಗಿ ಮಲಗಿಸಿ, ಅದರ ಮೇಲೆ ತುಂಡು ಬರುವಂತೆ ಕೂರಿಸಬೇಕು. ಎಲ್ಲವೂ ಮುಗಿದ ಮೇಲೆ ಕಚ್ಚಾ ಸಾಲುಗಳನ್ನು ತೆಗೆಯಿರಿ.

ಕಾಲದ ಲೆಕ್ಕವೂ ಇದೆ. ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾಗುವ ಬೇಸಿಗೆಯೇ ಕೌದಿಗೆ ತಕ್ಕ ಹೊತ್ತು. ಬೆಳಗಾವಿ, ಖಾನಾಪುರದ ಕಡೆಯವರು ಜೂನ್ ಮೊದಲ ವಾರದ ಮಿರಗ (ಮೃಗಶಿರಾ) ಮಳೆಗೆ ಮುಂಚೆಯೇ ಒಗೆದು ಒಣಗಿಸಿ ಮುಗಿಸಬೇಕು. ಘಟ್ಟದ ಮಳೆ ಹಿಡಿದ ಮೇಲೆ ಐದು ಪದರಗಳ ಬಟ್ಟೆ ಒಣಗದೆ ವಾಸನೆ ಹಿಡಿಯುತ್ತದೆ. ವಿಜಯಪುರ, ಬಾಗಲಕೋಟೆಯವರಿಗೆ ಅಷ್ಟು ಅವಸರವಿಲ್ಲ.

ಒಗೆಯುವಾಗ ಕೌದಿಯನ್ನು ಕಲ್ಲಿಗೆ ಬಡಿಯಬೇಡಿ. ಸಾಬೂನಿನ ನೀರಿನಲ್ಲಿ ನೆನೆಸಿ ಕಾಲಿನಿಂದ ತುಳಿದು, ಹಿಂಡದೆ ಮಡಿಚಿ ಒತ್ತಿ ನೀರು ತೆಗೆಯಿರಿ. ಹಗ್ಗದ ಮೇಲೆ ಹಾಕಿದರೆ ಒದ್ದೆಯ ಭಾರಕ್ಕೆ ಜೋತು ಆಕಾರ ಕೆಡುತ್ತದೆ, ಮಾಳಿಗೆಯಿರುವ ಮನೆಯವರು ಅದರ ಮೇಲೆ ಹಾಸಿ, ಮಧ್ಯಾಹ್ನ ಒಮ್ಮೆ ಮಗ್ಗುಲು ಬದಲಿಸಿದರೆ ಸಂಜೆಗೆ ಒಣಗುತ್ತದೆ. ಹಂಚಿನ ಮನೆಯವರು ಎರಡು ಹಗ್ಗಗಳ ಮೇಲೆ ಅಗಲವಾಗಿ ಹರಡಬಹುದು.

ಬಳಸುತ್ತ ಬಂದಂತೆ ಮೊದಲು ಸವೆಯುವುದು ಕುತ್ತಿಗೆಗೆ ಬರುವ ಅಂಚು. ಆ ಜಾಗದ ದಡಿಯನ್ನು ಬಿಚ್ಚುವ ಬದಲು ಅದರ ಮೇಲೆಯೇ ಇನ್ನೊಂದು ಪಟ್ಟಿ ಕೂರಿಸಿ ಹೊಲಿಯಬೇಕು, ಬಿಚ್ಚಲು ಹೋದರೆ ಹಳೆಯ ಟಾಕುಗಳ ಜೊತೆ ಬಟ್ಟೆಯೂ ಬರುತ್ತದೆ. ಮೇಲಿನ ತುಂಡು ಹರಿದರೂ ಇದೇ ಕ್ರಮ. ಇಡೀ ಕೌದಿ ತೆಳುವಾಗಿ ಅಲ್ಲಲ್ಲಿ ಬಿಡತೊಡಗಿದಾಗ ಅದನ್ನು ಹಾಗೆಯೇ ನಡುವೆ ಹಾಸಿ, ಕೆಳಗೊಂದು ಮೇಲೊಂದು ಒಂಟಿ ಪದರ ಸೀರೆಯಿಟ್ಟು ಹೊಲಿದರೆ ಸಾಕು. ಅದಕ್ಕಿಂತ ಹೆಚ್ಚು ಪದರ ಸೇರಿಸಿದರೆ ಸೂಜಿ ದಾಟುವುದಿಲ್ಲ. ಇಂಥದಕ್ಕೆ ಸಾಲುಗಳನ್ನು ಎರಡು ಬೆರಳಿನ ಅಂತರದಲ್ಲಿ ಹಾಕಿದರೂ ನಡೆಯುತ್ತದೆ, ಏಕೆಂದರೆ ಒಳಗಿನ ಪದರಗಳನ್ನು ಹಳೆಯ ಹೊಲಿಗೆ ಹಿಡಿದೇ ಇರುತ್ತದೆ.