ಆಮಂತ್ರಣಕ್ಕೆ ಕಾಗದ, ಮಡಿಕೆ, ಮೆರುಗು: ಆರಿಸುವುದು ಹೇಗೆ?

ಹಾಸನದಲ್ಲಿ ಮುದ್ರಣ ವಿನ್ಯಾಸದ ಕೆಲಸ ಮಾಡುವ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತೆಂದರೆ, ‘ಕಾಗದ ಯಾವುದಾದರೂ ಹಾಕಿ, ಸ್ವಲ್ಪ ದಪ್ಪಗಿರಲಿ, ಮೇಲೆ ಚಿನ್ನದ ಬಣ್ಣ ಬರಲಿ’ ಎಂಬುದು. ವಿನ್ಯಾಸಕ್ಕೆ ಮೂರು ವಾರ ಕುಳಿತು ಒಂದೊಂದು ಅಕ್ಷರವನ್ನೂ ಅತ್ತಿತ್ತ ಸರಿಸಿ ನೋಡುವವರು, ಕಾಗದದ ವಿಷಯವನ್ನು ಮಾತ್ರ ಕೊನೆಯ ದಿನ ಫೋನಿನಲ್ಲಿ ‘300 ಜಿಎಸ್‌ಎಂ’ ಎಂಬ ಒಂದೇ ಅಂಕಿಯಲ್ಲಿ ಮುಗಿಸಿಬಿಡುತ್ತಾರೆ. ಲಗ್ನಪತ್ರಿಕೆಯಾಗಲಿ, ಸಕಲೇಶಪುರದ ಕಡೆಯ ಹೋಂಸ್ಟೇಯೊಂದರ ಪರಿಚಯ ಪತ್ರವಾಗಲಿ, ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕಾಗದವನ್ನು ವಿನ್ಯಾಸಕ್ಕಿಂತ ಮೊದಲು ಆರಿಸಬೇಕು, ಅದನ್ನು ಕೈಯಾರೆ ಮಡಿಸಿ ನೋಡದೆ ಒಪ್ಪಬಾರದು.

1. ಬಳಕೆಯನ್ನು ಬರೆದುಕೊಳ್ಳಿ

ಎಷ್ಟು ಪ್ರತಿ ಬೇಕು, ಮಡಿಕೆ ಇದೆಯೇ, ಮೇಲೆ ಪೆನ್ನಿನಿಂದ ಹೆಸರು ಬರೆಯಬೇಕೇ ಎಂಬಿಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ಲಗ್ನಪತ್ರಿಕೆಯಾದರೆ ಇನ್ನೊಂದು ಪ್ರಶ್ನೆಯಿದೆ. ಮೂಲೆಗಳಿಗೆ ಅರಿಸಿನ ಹಚ್ಚುವ ಮನೆಯವರಿಗೆ ಲ್ಯಾಮಿನೇಷನ್ ಮಾಡಿದ, ಅಂದರೆ ಮೇಲೆ ತೆಳು ಪ್ಲಾಸ್ಟಿಕ್ ಫಿಲ್ಮ್ ಹಚ್ಚಿದ, ಹೊಳಪಿನ ಕಾರ್ಡು ಒಗ್ಗುವುದಿಲ್ಲ; ಹಚ್ಚಿದ ಅರಿಸಿನ ಅದರ ಮೇಲೆ ಹೀರದೆ ಉಳಿದು ಪಕ್ಕದ ಕಾರ್ಡಿನ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಲಕೋಟೆಗಂತೂ ಲೇಪನವಿಲ್ಲದ ಕಾಗದವನ್ನೇ ಆರಿಸಿ. ಇಲ್ಲವಾದರೆ ಬರೆದ ಹೆಸರು ಅತಿಥಿಯ ಕೈ ಸೇರುವ ಹೊತ್ತಿಗೆ ಅರ್ಧ ಅಳಿಸಿರುತ್ತದೆ.

2. ಜಿಎಸ್‌ಎಂ ಎಂಬುದು ತೂಕದ ಲೆಕ್ಕ

ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದಷ್ಟೇ ಆ ಅಂಕಿಯ ಅರ್ಥ. ಜೆರಾಕ್ಸ್ ಅಂಗಡಿಯ ಹಾಳೆ 70ರಿಂದ 80, ಕರಪತ್ರಕ್ಕೆ 130ರಿಂದ 170, ಆಮಂತ್ರಣಕ್ಕೆ 250ರಿಂದ 300, ವಿಸಿಟಿಂಗ್ ಕಾರ್ಡಿಗೆ 300ರಿಂದ 350 ಎಂದಿಟ್ಟುಕೊಂಡರೆ ಸಾಕು. ಆದರೆ ಒಂದೇ ಜಿಎಸ್‌ಎಂನ ಎರಡು ಕಾಗದಗಳ ದಪ್ಪ ಒಂದೇ ಇರುವುದಿಲ್ಲ. ಹೊಳಪಿನ ಆರ್ಟ್ ಪೇಪರನ್ನು ಲೇಪನ ಕೊಟ್ಟು ಉರುಳೆಗಳ ನಡುವೆ ಒತ್ತಿ ನಯ ಮಾಡಿರುವುದರಿಂದ ಅದು ತೆಳ್ಳಗಿರುತ್ತದೆ. ಅಷ್ಟೇ ತೂಕದ, ಲೇಪನವಿಲ್ಲದ ಮ್ಯಾಪ್ಲಿಥೋ ಕಾಗದ ಕೈಗೆ ದಪ್ಪವಾಗಿ, ಗಟ್ಟಿಯಾಗಿ ಸಿಗುತ್ತದೆ. ಹಾಗಾಗಿ ಅಂಕಿಯನ್ನು ಬಾಯಲ್ಲಿ ಹೇಳಿ ಬರಬೇಡಿ, ತುಂಡನ್ನು ಕೈಯಲ್ಲಿ ಹಿಡಿದು ಬನ್ನಿ.

3. ಬಿಳುಪನ್ನು ಬಿಸಿಲಿನಲ್ಲಿ ನೋಡಿ

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕೆನೆ ಬಣ್ಣವೂ ಬಿಳಿಯಾಗಿಯೇ ಕಾಣುತ್ತದೆ. ಮಾದರಿಗಳನ್ನು ಬಾಗಿಲಿನಿಂದಾಚೆಗೆ ತಂದು, ಒಂದರ ಮೇಲೊಂದಿಟ್ಟು ಹೋಲಿಸಿ. ಆಫ್‌ಸೆಟ್ ಮುದ್ರಣದಲ್ಲಿ ಸಾಮಾನ್ಯವಾಗಿ ಬಿಳಿ ಶಾಯಿ ಹಾಕುವುದಿಲ್ಲ. ಚಿತ್ರದಲ್ಲಿ ಬಿಳಿಯಾಗಿ ಕಾಣುವುದೆಲ್ಲ ಕಾಗದದ್ದೇ ಬಣ್ಣ. ಆದ್ದರಿಂದ ಕೆನೆ ಕಾಗದದ ಮೇಲೆ ವಧೂವರರ ಫೋಟೊ ಹಾಕಿಸಿದರೆ ಇಬ್ಬರಿಗೂ ಕಾಮಾಲೆಯಾದಂತೆ ಕಾಣುತ್ತದೆ. ಅಕ್ಷರ ಮತ್ತು ಗೆರೆಚಿತ್ರಕ್ಕೆ ಕೆನೆ, ಫೋಟೊಗೆ ಅಚ್ಚಬಿಳಿಯ ಮ್ಯಾಟ್ (ಹೊಳಪಿಲ್ಲದ) ಆರ್ಟ್ ಕಾರ್ಡು ಎಂಬುದು ನನ್ನ ಕಟ್ಟುನಿಟ್ಟಿನ ನಿಯಮ. ಲೇಪನವಿಲ್ಲದ ಕಾಗದವು ಶಾಯಿಯನ್ನು ಹೀರುವುದರಿಂದ ಕಂಪ್ಯೂಟರಿನ ತೆರೆಯಲ್ಲಿ ಕಂಡ ಹಸಿರು ಅಲ್ಲಿ ಒಂದು ಪಾಲು ಮಂಕಾಗುತ್ತದೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮುತ್ತಿನ ಮಿನುಗಿನ ಕಾಗದವನ್ನು ಕೊಳ್ಳುವ ಮುನ್ನ ಹೆಬ್ಬೆರಳಿನಿಂದ ಬಲವಾಗಿ ಉಜ್ಜಿ ನೋಡಿ. ಮಿನುಗು ಬೆರಳಿಗೆ ಅಂಟಿದರೆ, ಅಂಗಡಿಯವರು ಏನೇ ಹೇಳಲಿ, ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

4. ಎಳೆಯ ದಿಕ್ಕು ಮತ್ತು ಮಡಿಕೆ

ನಾನು ಕಂಡ ಕೆಟ್ಟ ಕೆಲಸಗಳಲ್ಲಿ ಬಹುಪಾಲು ಈ ಹಂತದಲ್ಲಿ ಕೆಟ್ಟವು. ಗಿರಣಿಯಲ್ಲಿ ನೀರಿನೊಡನೆ ಕದಡಿದ ನಾರು ಓಡುವ ಜಾಲರಿಯ ಮೇಲೆ ಬಿದ್ದು ಹಾಳೆಯಾಗುವಾಗ, ಹೆಚ್ಚಿನ ನಾರುಗಳು ಜಾಲರಿ ಓಡುವ ದಿಕ್ಕಿಗೇ ಮಲಗುತ್ತವೆ. ಇದೇ ಎಳೆಯ ದಿಕ್ಕು; ಮುದ್ರಣಾಲಯಗಳಲ್ಲಿ ಇದನ್ನು ಗ್ರೇನ್ ಎನ್ನುತ್ತಾರೆ. ಬಿದಿರು ಉದ್ದಕ್ಕೆ ಸಲೀಸಾಗಿ ಸೀಳಿ ಅಡ್ಡಕ್ಕೆ ಸಿಬಿರು ಏಳುವಂತೆ, ಕಾಗದವೂ ಎಳೆಯ ದಿಕ್ಕಿಗೆ ನಯವಾಗಿ ಮಡಿಯುತ್ತದೆ, ಅಡ್ಡ ಮಡಿಸಿದರೆ ಬಿರಿಯುತ್ತದೆ. ಅಚ್ಚಿನಿಂದ ಎತ್ತಿ ತಯಾರಿಸುವ ಕೈಕಾಗದದಲ್ಲಿ ಮಾತ್ರ ನಾರುಗಳು ಎಲ್ಲ ದಿಕ್ಕಿಗೂ ಚದುರಿರುವುದರಿಂದ ಈ ತಾಪತ್ರಯ ಅಷ್ಟಾಗಿ ಇಲ್ಲ.

ಕೆಲವು ವರ್ಷಗಳ ಹಿಂದೆ ಚಿಕ್ಕಮಗಳೂರಿನ ಕಡೆಯ ಒಂದು ಹೋಂಸ್ಟೇಗಾಗಿ, 250 ಜಿಎಸ್‌ಎಂ ಆರ್ಟ್ ಕಾರ್ಡಿನ ಮೇಲೆ, ಇಡೀ ಮುಖಕ್ಕೆ ಕಾಫಿಯ ಕಂದು ತುಂಬಿದ ಸಾವಿರ ಪತ್ರಗಳನ್ನು ಮಾಡಿಸಿದ್ದೆ. ಒಂದು ಹಾಳೆಯಲ್ಲಿ ಇನ್ನೊಂದು ಪ್ರತಿ ಹೆಚ್ಚಿಗೆ ಕೂರಲೆಂದು ಮುದ್ರಣಾಲಯದವರು ವಿನ್ಯಾಸವನ್ನು ಅಡ್ಡ ತಿರುಗಿಸಿಕೊಂಡಿದ್ದರು. ಎಳೆಯ ದಿಕ್ಕನ್ನು ಆರ್ಡರಿನಲ್ಲಿ ಬರೆಯದಿದ್ದುದು ನನ್ನ ತಪ್ಪು. ಮಡಿಸಿದ ಪ್ರತಿಯೊಂದರ ಬೆನ್ನಿನ ಮೇಲೂ ಕಂದು ಬಣ್ಣ ಸಿಡಿದು, ಬತ್ತಿದ ಕೆರೆಯಂಗಳದಂತೆ ಬಿರಿದ ಬಿಳಿಯ ಗೆರೆಯೊಂದು ಎದ್ದಿತ್ತು. ಕಂದು ಸ್ಕೆಚ್ ಪೆನ್ನು ಹಿಡಿದು ಒಂದು ರಾತ್ರಿಯೆಲ್ಲ ಆ ಗೆರೆಗಳಿಗೆ ಬಣ್ಣ ಹಚ್ಚಿದೆವು. ಬೆಳಿಗ್ಗೆ ಬಿಸಿಲಿನಲ್ಲಿ ನೋಡಿದರೆ ಸ್ಕೆಚ್ ಪೆನ್ನಿನ ಕಂದು ನೇರಳೆಗೆ ತಿರುಗಿದಂತೆ ಕಾಣುತ್ತಿತ್ತು.

ದಿಕ್ಕನ್ನು ಕಂಡುಹಿಡಿಯುವುದಕ್ಕೆ ಯಂತ್ರ ಬೇಕಿಲ್ಲ. ಅಂಗೈಯಗಲದ ಚೌಕ ತುಂಡೊಂದನ್ನು ಕತ್ತರಿಸಿ, ಹಾಳೆಯ ಉದ್ದದ ಕಡೆ ಯಾವುದೆಂದು ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳಿ. ಎದುರುಬದುರಿನ ಎರಡು ಅಂಚು ಹಿಡಿದು ಮೆಲ್ಲಗೆ ಬಾಗಿಸಿ, ಆಮೇಲೆ ಕಾಲು ಸುತ್ತು ತಿರುಗಿಸಿ ಮತ್ತೆ ಬಾಗಿಸಿ. ಯಾವ ಬಾಗು ಹೆಚ್ಚು ಸಲೀಸೋ, ಆ ಬಾಗಿನ ಗೆರೆಯ ಉದ್ದಕ್ಕೆ ಎಳೆ ಇದೆಯೆಂದು ತಿಳಿಯಿರಿ. ತೆಳು ಕಾಗದದಲ್ಲಿ ಬಾಗಿನ ವ್ಯತ್ಯಾಸ ಕೈಗೆ ಗೊತ್ತಾಗದಿದ್ದರೆ, ಒಂದು ಮಗ್ಗುಲನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಡಿ. ನಾರು ನೀರು ಕುಡಿದಾಗ ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಹಿಗ್ಗುವುದರಿಂದ ತುಂಡು ಕೊಳವೆಯಂತೆ ಸುತ್ತಿಕೊಳ್ಳುತ್ತದೆ. ಆ ಕೊಳವೆಯ ಉದ್ದವೇ ಎಳೆಯ ದಿಕ್ಕು. ಹರಿದು ನೋಡುವ ಮೂರನೆಯ ದಾರಿಯೂ ಉಂಟು: ಎಳೆಯ ಉದ್ದಕ್ಕೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಸೊಟ್ಟಗೆ ಹೋಗುತ್ತದೆ.

ದಿಕ್ಕು ಸರಿಯಿದ್ದರೂ, 170 ಜಿಎಸ್‌ಎಂ ಮೀರಿದ ಯಾವ ಕಾಗದವನ್ನೂ ಕ್ರೀಸಿಂಗ್ ಇಲ್ಲದೆ, ಅಂದರೆ ಮಡಿಕೆಯ ಗೆರೆಯನ್ನು ಮೊದಲೇ ಒತ್ತಿ ಮೂಡಿಸದೆ, ಮಡಿಸಕೂಡದು. ಕ್ರೀಸಿಂಗ್ ಮಾಡಿದ ಹಾಳೆಯ ಒಂದು ಮಗ್ಗುಲಲ್ಲಿ ತಗ್ಗು, ಇನ್ನೊಂದು ಮಗ್ಗುಲಲ್ಲಿ ಸಣ್ಣ ಉಬ್ಬು ಇರುತ್ತದೆ. ತಗ್ಗಿನ ಒಳಕ್ಕೆ ಮಡಿಸುವುದೇ ಸರಿಯೆಂದು ಮನಸ್ಸಿಗೆ ತೋರುತ್ತದೆ, ಎಲ್ಲರೂ ಹಾಗೆಯೇ ಮಾಡುತ್ತಾರೆ, ಅದು ತಪ್ಪು. ಉಬ್ಬು ಮಡಿಕೆಯ ಒಳಗೆ ಬರಬೇಕು. ಆಗ ಹೊರಮೈ ಎಳೆತವಿಲ್ಲದೆ ತಿರುಗುತ್ತದೆ. ಹೊರಗಿನಿಂದ ತಂದ ಹುಡುಗರನ್ನು ಮಡಿಸಲು ಕೂರಿಸುವುದಿದ್ದರೆ ಮೊದಲ ಹತ್ತು ಪ್ರತಿಗಳನ್ನು ನೀವೇ ಮುಂದೆ ಕುಳಿತು ಮಡಿಸಿ ತೋರಿಸಿ. ಇಷ್ಟೆಲ್ಲ ಆದ ಮೇಲೂ ಮಡಿಕೆಯ ಗೆರೆಯ ಮೇಲೆ ಗಾಢ ಬಣ್ಣ ಬಾರದಂತೆ ವಿನ್ಯಾಸ ಮಾಡುವುದೇ ಲೇಸು ಎಂದು ಆ ಕಂದು ಪತ್ರದ ನಂತರ ನಾನು ನಿಶ್ಚಯಿಸಿದ್ದೇನೆ.

5. ಅಳತೆ

ಡಿಜಿಟಲ್ ಮುದ್ರಣದ 12×18 ಇಂಚಿನ ಹಾಳೆಯಲ್ಲಿ 5×7ರ ಕಾರ್ಡು ನಾಲ್ಕು ಕೂರುತ್ತದೆ, 5.5×8.5ರದೂ ನಾಲ್ಕೇ ಕೂರುತ್ತದೆ. ಕಾಗದದ ಖರ್ಚು ಅಷ್ಟೇ ಇರುವಾಗ ಸಣ್ಣದನ್ನು ಏಕೆ ಮಾಡಿಸಬೇಕೆಂದು ಒಮ್ಮೆ ಯೋಚಿಸಿ.

6. ಮೆರುಗು ಒಂದು ಸಾಕು, ಹೆಚ್ಚೆಂದರೆ ಎರಡು

ಲ್ಯಾಮಿನೇಷನ್ನಿನಲ್ಲಿ ಮಲೆನಾಡಿನ ಮಳೆಯೇ ದೊಡ್ಡ ಶತ್ರು. ಒಂದೇ ಮಗ್ಗುಲಿಗೆ ಫಿಲ್ಮ್ ಹಚ್ಚಿದರೆ, ಆ ಮಗ್ಗುಲು ತೇವ ಕುಡಿಯುವುದಿಲ್ಲ, ಬರಿಯ ಕಾಗದದ ಮಗ್ಗುಲು ಕುಡಿದು ಹಿಗ್ಗುತ್ತದೆ. ಜುಲೈ ತಿಂಗಳ ಮೂಡಿಗೆರೆಯಲ್ಲಿ ಕಾರ್ಡುಗಳು ಒಂದೆರಡು ದಿನದಲ್ಲೇ ಫಿಲ್ಮಿನ ಕಡೆಗೆ ಹಪ್ಪಳದಂತೆ ಸುರುಳಿಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಮಗ್ಗುಲಿಗೆ ಹಚ್ಚಿಸಿ, ಇಲ್ಲವೇ ಹಚ್ಚಿಸಲೇಬೇಡಿ. ಮುದ್ರಣವಾದ ದಿನವೇ ಲ್ಯಾಮಿನೇಷನ್‌ಗೆ ಕಳಿಸುವ ಆತುರವೂ ಬೇಡ. ಶಾಯಿ ಪೂರ್ತಿ ಒಣಗದಿದ್ದರೆ ಫಿಲ್ಮಿನ ಕೆಳಗೆ ಗಾಳಿ ಸಿಕ್ಕಿಕೊಂಡು ಗಾಢ ಬಣ್ಣದ ಮೇಲೆಲ್ಲ ಬೂದಿ ಎರಚಿದಂತೆ ಕಾಣುತ್ತದೆ.

ಚಿನ್ನದ ಫಾಯಿಲ್ ಎಂದರೆ ಕಾಯಿಸಿದ ಲೋಹದ ಬ್ಲಾಕಿನಿಂದ ಹಾಳೆಯ ಮೇಲೆ ಒತ್ತುವ ತೆಳುಪದರ. ಅದು ಕನ್ನಡದ ಒತ್ತಕ್ಷರಗಳಿಗೆ ಕಠಿಣ ಪರೀಕ್ಷೆ. ‘ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ’ ಎಂಬ ಸಾಲನ್ನು ಸಣ್ಣ ಅಕ್ಷರದಲ್ಲಿ ಫಾಯಿಲ್ ಮಾಡಿಸಿ ನೋಡಿ: ‘ಕ್ಷ್ಮೀ’ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿ ಚಿನ್ನದ ಹನಿಯಾಗಿಬಿಡುತ್ತವೆ, ಸೊನ್ನೆಯ ಹೊಟ್ಟೆ ತುಂಬಿಹೋಗುತ್ತದೆ. ಹದಿನಾಲ್ಕು ಪಾಯಿಂಟಿಗಿಂತ ಕಡಿಮೆ ಅಕ್ಷರವನ್ನೂ, ಅರ್ಧ ಮಿಲಿಮೀಟರಿಗಿಂತ ಸಣ್ಣ ಗೆರೆಯನ್ನೂ ನಾನು ಫಾಯಿಲ್‌ಗೆ ಕಳಿಸುವುದಿಲ್ಲ. ಒರಟು ಮೈಯ ಕಾಗದವಾದರೆ ಅದಕ್ಕೂ ದಪ್ಪ ಬೇಕು. ಖರ್ಚು ಉಳಿಸಬೇಕೆನ್ನುವವರಿಗೆ ಸ್ಕ್ರೀನ್ ಪ್ರಿಂಟಿಂಗ್‌ನ ಚಿನ್ನದ ಶಾಯಿ ಗೌರವದ ಅಡ್ಡದಾರಿ. ನಾಲ್ಕು ಬಣ್ಣದ ಮುದ್ರಣದಲ್ಲಿಯೇ ಚಿನ್ನ ತರಿಸುತ್ತೇವೆಂದರೆ ಮಾತ್ರ ಒಪ್ಪಬೇಡಿ, ಬರುವುದು ಸಾಸಿವೆಯ ಬಣ್ಣ.

ಆಕಾರವನ್ನು ಕಾಗದದಲ್ಲೇ ಉಬ್ಬಿಸುವ ಎಂಬಾಸಿಂಗ್‌ಗೆ ಲೇಪನವಿಲ್ಲದ, 250 ಜಿಎಸ್‌ಎಂ ಮೀರಿದ ಮೆತ್ತನೆಯ ಕಾಗದ ಬೇಕು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಕಾರ್ಡಿನಲ್ಲಿ ಶಿಲಾಬಾಲಿಕೆಯೇ ಉಬ್ಬಿ ನಿಲ್ಲಬೇಕೆಂದು ಕೇಳುವವರು ನನ್ನಲ್ಲಿಗೆ ಹೆಚ್ಚಾಗಿ ಬರುತ್ತಿದ್ದಾರೆ. ಕಲ್ಲಿನಲ್ಲಿ ನಿಂತ ಆ ಸರ, ಬಳೆ, ಗೆಜ್ಜೆಗಳ ಕುಸುರಿ ಎರಡು ಇಂಚಿನ ಕಾಗದದಲ್ಲಿ ನಿಲ್ಲುವುದಿಲ್ಲ, ಮುಖ ನುಗ್ಗಾದಂತೆ ಕಾಣುತ್ತದೆ. ಅದರ ಬದಲಿಗೆ ಗುಡಿಯ ನಕ್ಷತ್ರಾಕಾರದ ಜಗತಿಯ (ಗುಡಿ ನಿಂತ ಕಟ್ಟೆಯ) ಹೊರಗೆರೆಯನ್ನಷ್ಟೇ, ಬಣ್ಣವಿಲ್ಲದೆ, ಉಬ್ಬಿಸಿ. ಬೆನ್ನಿನ ಮೇಲೆ ಅದೇ ಆಕಾರ ತಗ್ಗಾಗಿ ಮೂಡುವುದರಿಂದ ಆ ಜಾಗದಲ್ಲಿ ಅಕ್ಷರ ಇಡಬೇಡಿ. ಆಯ್ದ ಜಾಗಕ್ಕಷ್ಟೇ ಹೊಳಪು ಕೊಡುವ ಸ್ಪಾಟ್ ಯುವಿ ಲೇಪವನ್ನು ಮ್ಯಾಟ್ ಲ್ಯಾಮಿನೇಷನ್ನಿನ ಮೇಲಲ್ಲದೆ ಬೇರೆ ಕಡೆ ಹಾಕಿಸಿದರೆ ಹಣ ದಂಡ.

7. ಪ್ರೂಫ್ ಮತ್ತು ದಾಸ್ತಾನು

ಪ್ರೂಫನ್ನು, ಅಂದರೆ ಮುದ್ರಣಕ್ಕೆ ಮುಂಚಿನ ಮಾದರಿ ಪ್ರತಿಯನ್ನು, ನೀವು ಆರಿಸಿದ ಕಾಗದದ ಮೇಲೆಯೇ ತೆಗೆಸಿ, ಮಡಿಸಿ, ಲಕೋಟೆಗೆ ಹಾಕಿ ನೋಡಿದ ಮೇಲೆ ಸಹಿ ಮಾಡಿ. ಮಳೆಗಾಲದಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ತಂದ ಕಾಗದದ ಪೊಟ್ಟಣವನ್ನು ಮುದ್ರಿಸುವ ಹೊತ್ತಿನವರೆಗೂ ಒಡೆಯಬೇಡಿ. ಕೆಲಸ ಮುಗಿದ ಮೇಲೆ ಐದು ಖಾಲಿ ಹಾಳೆಗಳನ್ನು ಎತ್ತಿಟ್ಟು, ಅವುಗಳ ಮೂಲೆಯಲ್ಲಿ ಕಾಗದದ ಹೆಸರು, ಜಿಎಸ್‌ಎಂ, ಅಂಗಡಿ ಮತ್ತು ತಾರೀಖನ್ನು ಬರೆದು, ಎಳೆಯ ದಿಕ್ಕಿಗೆ ಪೆನ್ಸಿಲ್ಲಿನಿಂದ ಒಂದು ಬಾಣ ಹಾಕಿಡಿ.