ಅಂಗಡಿಯಲ್ಲಿ ಇಲ್ಲದ ರಿವಾಲ್ವರ್ ನನಗೆ ಸಿಕ್ಕ ಬಗೆ

"ಹಳೇ ಫಾರಿನ್ ರಿವಾಲ್ವರ್ ಈಗೆಲ್ಲಿ ಸಿಗುತ್ತೆ ಅಣ್ಣಾ, ಸುಮ್ನೆ ಕಾನ್ಪುರದ ಸರ್ಕಾರಿ ಕಾರ್ಖಾನೆದು ತಗೊಂಡು ಮುಗಿಸಿ." ಸಕಲೇಶಪುರ ಕಡೆಯ ಪ್ಲಾಂಟರುಗಳಲ್ಲಿ ನನಗೆ ಈ ಮಾತು ಹೇಳದವರು ಕಡಿಮೆ. ಡೀಲರುಗಳೂ ಇದನ್ನೇ ಹೇಳಿದರು. ಈಗ ಆರು ಗುಂಡಿನ, .32 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಳತೆ) ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ನನ್ನ ಲೈಸೆನ್ಸಿನಲ್ಲಿ ನಮೂದಾಗಿದೆ. ಬಿಡಿಭಾಗಗಳ ಮೇಲಿನ ನಂಬರೆಲ್ಲ ಒಂದಕ್ಕೊಂದು ಹೊಂದುತ್ತದೆ, ನಳಿಗೆ ಕನ್ನಡಿ ಥರ ಇದೆ. ಅಂದು ಬೇಡ ಅಂದವರೇ ಈಗ ಫೋನ್ ಮಾಡಿ ಹೇಗೆ ಸಿಕ್ಕಿತು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಲೈಸೆನ್ಸ್ ಮಾಡಿಸುವುದು, ಯಾವ ಬೋರ್ ನಮಗೆ ಸಿಗುತ್ತೆ, ಯಾವುದು ಸಿಗಲ್ಲ ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ನನ್ನ ಹತ್ತಿರ ಅಪ್ಪನ ಕಾಲದ 12 ಬೋರ್ ಡಬಲ್ ಬ್ಯಾರಲ್ ಕೋವಿ ಇದೆ. ಅದನ್ನು ಕೊಡುವ ಮಾತೇ ಇಲ್ಲ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಗನ್. ಅಂದರೆ ನನಗೆ ಉಳಿದದ್ದು ಒಂದೇ ಜಾಗ. ಬಟವಾಡೆ ದಿನ ಕ್ಯಾಷ್ ಹಿಡಿದು ಒಂಟಿ ರಸ್ತೆಯಲ್ಲಿ ಬರಬೇಕು, ಕೋವಿ ಜೊತೆಗೆ ತರುವಂತಿಲ್ಲ. ಇರುವ ಒಂದು ಜಾಗವನ್ನು ಹೇಗೆ ತುಂಬುವುದು ಅನ್ನುವುದೇ ಪ್ರಶ್ನೆ.

ಮೊದಲು ಮನಸ್ಸು ಹೋಗಿದ್ದು ಪಿಸ್ತೂಲಿನ ಕಡೆ. ಚಪ್ಪಟೆ ಇರುತ್ತೆ, ಸೊಂಟದಲ್ಲಿ ಗೊತ್ತಾಗಲ್ಲ. .32ರಲ್ಲಿ ವಾಲ್ಥರ್ ಪಿಪಿ, ಕೋಲ್ಟ್ 1903, ಬ್ರೌನಿಂಗ್ 1910, ಇವೇ ಅಲ್ವಾ ಎಲ್ಲರೂ ಹುಡುಕುವುದು. ಒಂದು ವಾಲ್ಥರ್ ಪಿಪಿ ನೋಡಲು ಉತ್ತರ ಪ್ರದೇಶದವರೆಗೂ ಹೋಗಿದ್ದೆ. ಹೇಳಿದ ಬೆಲೆ ಏಳು ಲಕ್ಷದ ಆಸುಪಾಸು. ಫೋಟೋದಲ್ಲಿ ಹೊಳೆಯುತ್ತಿತ್ತು. ಕೈಗೆ ಬಂದ ಮೇಲೆ ನೋಡಿದರೆ ಹೊಸದಾಗಿ ಬ್ಲೂಯಿಂಗ್ (ಉಕ್ಕಿನ ಮೇಲಿನ ನೀಲಿಗಪ್ಪು ಪಾಲಿಶ್) ಮಾಡಿಸಿದ್ದರು, ನಳಿಗೆಯೊಳಗೆ ಗುಳಿ ಬಿದ್ದಿತ್ತು. ಗುಂಡು ತುಂಬುವ ಮ್ಯಾಗಜೀನ್ ಒಂದೇ, ಅದೂ ಎಲ್ಲೋ ಲೋಕಲ್ ಆಗಿ ತಗಡು ಬಗ್ಗಿಸಿ ಮಾಡಿದ್ದು. ಬೇಡ ಅಂತ ಎದ್ದು ಬಂದೆ. ಓಡಾಟದ ಖರ್ಚು ಹದಿನೆಂಟೋ ಇಪ್ಪತ್ತೋ ಸಾವಿರ ಹೋಯಿತು.

ಆ ಮ್ಯಾಗಜೀನ್ ನೋಡಿದ ಮೇಲೆ ನನ್ನ ಲೆಕ್ಕವೇ ಬದಲಾಯಿತು. ಖಾಸಗಿಯವರಿಗೆ ಆಮದು ನಿಂತಿದ್ದು 1980ರ ದಶಕದಲ್ಲಿ. ಈಗ ಓಡಾಡುವ ಫಾರಿನ್ ಪಿಸ್ತೂಲುಗಳಲ್ಲಿ ಹೆಚ್ಚಿನವು ಅದಕ್ಕೂ ಹಿಂದಿನವು. ಒರಿಜಿನಲ್ ಮ್ಯಾಗಜೀನ್ ಕಳೆದರೆ, ಸ್ಪ್ರಿಂಗ್ ಸೋತರೆ, ಏಳು ಲಕ್ಷದ ಗನ್ ಒಂದೊಂದೇ ಗುಂಡು ಹಾಕುವ ಗನ್ ಆಗುತ್ತದೆ. ರಿವಾಲ್ವರಿನಲ್ಲಿ ಗುಂಡು ಕೂರುವುದು ತಿರುಗುವ ಸಿಲಿಂಡರಿನಲ್ಲೇ, ಕಳೆಯಲು ಏನೂ ಇಲ್ಲ. ಇನ್ನೊಂದು ವಿಷಯ, ತೋಟಾ, ಅಂದರೆ ಕಾರ್ಟ್ರಿಜ್. ನಮಗೆ ಸುಲಭಕ್ಕೆ ಸಿಗುವುದು ಪುಣೆಯ ಖಡಕಿ ಸರ್ಕಾರಿ ಕಾರ್ಖಾನೆಯದ್ದು. ಒಂದು ಗುಂಡು ಹಾರದಿದ್ದರೆ ರಿವಾಲ್ವರಿನಲ್ಲಿ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಿ ಮೇಲಿನ ಜಾರುವ ಭಾಗ, ಸ್ಲೈಡ್, ಹಿಂದಕ್ಕೆ ಎಳೆದು ಹೊರಗೆ ಹಾಕಬೇಕು, ಅದಕ್ಕೆ ಎರಡು ಕೈ ಬೇಕು, ಅಭ್ಯಾಸ ಬೇಕು. ಒಂದೊಂದು ತೋಟಾಕ್ಕೆ ನೂರರ ಮೇಲೆ ಕೊಟ್ಟು, ಲೈಸೆನ್ಸಿನಲ್ಲಿ ಬರೆದ ಮಿತಿಯೊಳಗೆ, ನಮ್ಮಲ್ಲಿ ಎಷ್ಟು ಜನ ಆ ಅಭ್ಯಾಸ ಮಾಡುತ್ತಾರೆ? ರೈಫಲ್ ಕ್ಲಬ್ಬಿನಲ್ಲಿ ಗೆಳೆಯರೊಬ್ಬರ ಅಶನಿ ಎಂಬ ದೇಶಿ ಪಿಸ್ತೂಲನ್ನು ಅವರ ಎದುರಲ್ಲೇ ಹೊಡೆದು ನೋಡಿದೆ. ಕೈಯಲ್ಲಿ ಚೆನ್ನಾಗಿ ಕೂತಿತು, ಗುರಿಯೂ ಬಿತ್ತು. ತಿಂಗಳಿಗೊಮ್ಮೆ ರೇಂಜಿಗೆ ಹೋಗುವವರು ಪಿಸ್ತೂಲೇ ತಗೊಳ್ಳಲಿ, ನನ್ನ ತಕರಾರಿಲ್ಲ. ತಿಂಗಳುಗಟ್ಟಲೆ ಲಾಕರಿನಲ್ಲಿಟ್ಟು, ಬೇಕಾದ ಆ ಒಂದು ದಿನ ಕೆಲಸ ಮಾಡಬೇಕು ಅನ್ನುವ ತೋಟದವರಿಗೆ ರಿವಾಲ್ವರೇ ಸರಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಹಾಗಾದರೆ ಕಾನ್ಪುರದ್ದೇ ಯಾಕಲ್ಲ? ಅಲ್ಲಿನ ಮಾರ್ಕ್ 3 ರಿವಾಲ್ವರ್ ಎರಡು ಮೂರು ನೋಡಿದೆ. ಅದು ಇಂಗ್ಲೆಂಡಿನ ಹಳೇ ವೆಬ್ಲಿ ಥರ ನಡುವೆ ಮುರಿದು ತೆರೆಯುವ ಮಾದರಿ. ಗಟ್ಟಿ ಇದೆ, ಆದರೆ ನಾನು ನೋಡಿದವುಗಳ ಟ್ರಿಗರ್ ಬಿಗಿ, ಎಳೆಯುವಾಗ ಗುರಿ ಅಲ್ಲಾಡುತ್ತದೆ. 2014ರಲ್ಲಿ ಅಲ್ಲಿಂದಲೇ ಬಂದ ನಿರ್ಭೀಕ್ ಹಗುರ, ಅರ್ಧ ಕಿಲೋ ಅಷ್ಟೇ. ನನ್ನ ದೊಡ್ಡ ಕೈಗೆ ಅದು ಹೊಂದಲಿಲ್ಲ. ಸಿಲಿಂಡರ್ ಪಕ್ಕಕ್ಕೆ ತೆರೆಯುವ ಕಾನ್ಪುರದ್ದೇ ಪ್ರಬಲ್ ಬಂದಿದ್ದು 2023ರಲ್ಲಿ. ಅಷ್ಟರಲ್ಲಿ ನನ್ನ ಕೆಲಸ ಮುಗಿದಿತ್ತು. ಈಗ ಹೊಸದೇ ಬೇಕು ಅನ್ನುವವರು ಅದನ್ನು ಮೊದಲು ನೋಡಲಿ.

ಹಳೇ ರಿವಾಲ್ವರ್ ಹುಡುಕಾಟದಲ್ಲಿ ಹಣ ಹೋಗುವ ಜಾಗ ಒಂದಿದೆ. ".32 ಅಮೆರಿಕನ್, ಲಕ್ಷದ ಮೇಲೆ ಸ್ವಲ್ಪ" ಅಂತ ಯಾರಾದರೂ ಅಂದರೆ ಮೊದಲು ಸಿಲಿಂಡರಿನ ಉದ್ದ ಕೇಳಿ. ಹಳೇ ಐವರ್ ಜಾನ್ಸನ್, ಹ್ಯಾರಿಂಗ್ಟನ್ ಗನ್ನುಗಳಲ್ಲಿ ಅನೇಕವು .32 ಶಾರ್ಟಿನವು. ನಮಗೆ ಸಿಗುವ ತೋಟಾ .32 ಲಾಂಗ್. ಲಾಂಗ್ ತೋಟಾ ಸುಮಾರು 32 ಮಿಲಿಮೀಟರ್, ಶಾರ್ಟ್ ಹತ್ತಿರ ಹತ್ತಿರ 24. ಆ ಸಿಲಿಂಡರಿನಲ್ಲಿ ಲಾಂಗ್ ಕೂರುವುದೇ ಇಲ್ಲ. ಮೈಸೂರು ಕಡೆಯ ಒಂದು ಗನ್ನನ್ನು ನಾನು ಸ್ಕೇಲ್ ಇಟ್ಟು ಅಳೆದು ಬಿಟ್ಟೆ. ಆಮೇಲೆ ಅದನ್ನು ಬೇರೆ ಯಾರೋ ತಗೊಂಡರಂತೆ. ಕೋಲ್ಟ್ ಪೊಲೀಸ್ ಪಾಸಿಟಿವ್ ಆದರೆ ನಳಿಗೆ ಮೇಲಿನ ಬರಹ ಓದಿ. "32 ಪೊಲೀಸ್ ಸಿ.ಟಿ.ಜಿ." ಅಂತಿದ್ದರೆ ನಮ್ಮ ಲಾಂಗ್ ತೋಟಾವೇ ಹೊಂದುತ್ತದೆ, ಕೋಲ್ಟಿನವರು ತಮ್ಮ ಹೆಸರು ಇಟ್ಟುಕೊಂಡಿದ್ದರು ಅಷ್ಟೇ. ಬೇರೆ ಬರಹ ಇದ್ದರೆ ಗೊತ್ತಿರುವವರಿಗೆ ತೋರಿಸದೆ ಮುಟ್ಟಬೇಡಿ.

ಒಬ್ಬ ಡೀಲರ್ ಐವತ್ತು ಸಾವಿರ ಅಡ್ವಾನ್ಸ್ ತಗೊಂಡು ವರ್ಷದ ಹತ್ತಿರ ಸತಾಯಿಸಿದ. ಇವತ್ತು ಎನ್.ಓ.ಸಿ. (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬರುತ್ತೆ, ನಾಳೆ ಬರುತ್ತೆ ಅಂದ. ಆ ಗನ್ ಅವನ ಹತ್ತಿರ ಇರಲೇ ಇಲ್ಲ ಅಂತ ಕೊನೆಗೆ ಗೊತ್ತಾಯಿತು. ಮೂವತ್ತು ವಾಪಸ್ ಬಂತು, ಉಳಿದದ್ದು ಬರಲಿಲ್ಲ. ಅಂದಿನಿಂದ ನನ್ನ ನಿಯಮ ಇದು: ಗನ್ ಕೈಯಲ್ಲಿ ಹಿಡಿಯದೆ, ಮಾರುವವರ ಲೈಸೆನ್ಸಿನ ನಮೂದು ಮತ್ತು ಯು.ಐ.ಎನ್. (ಲೈಸೆನ್ಸಿನ ಗುರುತಿನ ನಂಬರ್) ನೋಡದೆ ರೂಪಾಯಿ ಕೊಡಬಾರದು.

ಈಗ ನನ್ನ ದಾರಿ. ಎಲ್ಲರೂ ಕೇಳುತ್ತಿದ್ದದ್ದು "ಮಾರಾಟಕ್ಕೆ ಏನಿದೆ" ಅಂತ. ನಾನು ಕೇಳಲು ಶುರು ಮಾಡಿದ್ದು "ಮೂರು ಗನ್ ಇದ್ದವರು ಯಾರು" ಅಂತ. ತಿದ್ದುಪಡಿ ಜಾರಿಗೆ ಬಂದಿದ್ದು 2019ರ ಡಿಸೆಂಬರ್ 14ಕ್ಕೆ. ಮೂರು ಇದ್ದವರು ಒಂದು ವರ್ಷದೊಳಗೆ ಒಂದನ್ನು ಠಾಣೆಗೋ ಡೀಲರಿಗೋ ಒಪ್ಪಿಸಬೇಕಿತ್ತು. ಹಿರಿಯರಿಂದ ಬಂದ ಗನ್ನಿಗೂ ಅದೇ ಲೆಕ್ಕ. ತೋಟದ ಮನೆಗಳಲ್ಲಿ ಕೋವಿ ಬಿಡಲ್ಲ, ರೈಫಲ್ ಬಿಡಲ್ಲ. ಹೊರಗೆ ಹೋಗುವುದು ಅಜ್ಜನ ಕಾಲದ ರಿವಾಲ್ವರ್. ಅವು ಡೀಲರುಗಳ ಸೇಫ್ ಕಸ್ಟಡಿಯಲ್ಲಿ ಕೂತಿದ್ದವು, ಶೋಕೇಸಿಗೆ ಬಂದಿರಲಿಲ್ಲ. ಡೀಲರಿಗೆ ತಿಂಗಳ ಬಾಡಿಗೆ ಬರುತ್ತೆ, ಮಾರುವ ಅವಸರ ಇಲ್ಲ. ಮನೆಯವರಿಗೆ ಮಾರಬಹುದು ಅನ್ನುವ ಯೋಚನೆಯೇ ಬಂದಿರಲ್ಲ. ಹಾಗಾಗಿ ನಾನು ಮನೆಯವರನ್ನು ಹುಡುಕಿದೆ. ಹೇಗೆ ಹುಡುಕಿದೆ, ಯಾವ ಊರಿನಲ್ಲಿ ಅಂತ ಹೇಳುವುದಿಲ್ಲ. ತಮ್ಮನಿಗೆ ಒಂದು ಬೇಕಿದೆ, ಅದು ಆಗುವವರೆಗೆ ಆ ಬಾಗಿಲು ನನಗಿರಲಿ.

ಸಿಕ್ಕ ಮನೆಯ ಯಜಮಾನರಿಗೆ ಎಂಬತ್ತು ದಾಟಿತ್ತು. ಬ್ರೋಕರುಗಳು ಬಂದು ಎರಡು ಲಕ್ಷಕ್ಕೆ ಕೇಳಿ ಹೋಗಿದ್ದರಂತೆ. ನಾನು ಮೂರೂ ಮುಕ್ಕಾಲು ಅಂದೆ. ಅವರು ಒಂದೇ ಮಾತು ಕೇಳಿದರು: "ನೀವೇ ಇಟ್ಕೊಳ್ತೀರೋ, ಮಾರ್ತೀರೋ?" ಇಟ್ಟುಕೊಳ್ಳುತ್ತೇನೆ ಅಂದೆ. ಅಲ್ಲೇ ಒಪ್ಪಿದರು. ಅದೇ ಗನ್ನಿಗೆ ಹೊರಗೆ ಐದು ಸಲೀಸಾಗಿ ಕೇಳುತ್ತಿದ್ದರು.

ಪರೀಕ್ಷೆ ಮಾಡುವುದು ನಿಮಗೆ ಗೊತ್ತು. ನಾನು ಜಾಸ್ತಿ ನೋಡಿದ್ದು ಎರಡು. ಒಂದು, ಹಿಡಿಯ ತಳದಲ್ಲಿರುವ ನಂಬರ್ ಸಿಲಿಂಡರಿನ ಹಿಂಬದಿಗೂ ನಳಿಗೆಯ ಅಡಿಗೂ ಹೊಂದಬೇಕು. ಹಳೇ ಸ್ಮಿತ್‌ಗಳಲ್ಲಿ ಅಲ್ಲೆಲ್ಲ ಹೊಡೆದಿರುತ್ತಾರೆ. ಎರಡು, ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು. ಬೈಕ್ ಮೆಕ್ಯಾನಿಕ್ ಟ್ಯಾಪೆಟ್‌ಗೆ ಬಳಸುವ, ತೆಳು ಪಟ್ಟಿಗಳಿರುವ ಫೀಲರ್ ಗೇಜ್ ಸಾಕು. 0.20 ಮಿಲಿಮೀಟರಿನ ಒಳಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು, ನನ್ನದು 0.15 ಇತ್ತು. ಟೈಮಿಂಗ್, ಅಂದರೆ ಸಿಲಿಂಡರಿನ ತೂತು ನಳಿಗೆಗೆ ನೇರ ಬಂದು ನಿಲ್ಲುತ್ತದೋ ಎಂದು ನೋಡುವ ನನ್ನ ವಿಧಾನ ಒಂದಿದೆ, ಅದನ್ನು ಎದುರು ಕೂತು ತೋರಿಸಬೇಕು, ಬರೆದರೆ ತಪ್ಪು ಮಾಡುತ್ತೀರಿ.

ಎರಡೂ ಜಿಲ್ಲೆಯ ಎನ್.ಓ.ಸಿ., ನಮೂದು ತೆಗೆಸುವುದು, ಹಾಕಿಸುವುದು, ಎಲ್ಲ ಸೇರಿ ಏಳೆಂಟು ತಿಂಗಳು ಹಿಡಿಯಿತು. ನೇರ ಮಾರಾಟ ಆದರೆ ಲಿಖಿತ ಸೂಚನೆ ಕೊಟ್ಟು 45 ದಿನ ಕಾಯಲೇಬೇಕು ಅನ್ನುವುದು ನೆನಪಿರಲಿ. ನಾವು ಡೀಲರ್ ಮೂಲಕವೇ ಮಾಡಿಸಿದೆವು, ಕಮಿಷನ್ ಹದಿನೈದು ಸಾವಿರ. ಓಡಾಟ, ಹೋದ ಅಡ್ವಾನ್ಸ್ ಎಲ್ಲ ಸೇರಿಸಿದರೂ ನಾಲ್ಕೂಕಾಲು, ನಾಲ್ಕೂವರೆ ಲಕ್ಷದೊಳಗೆ ಮುಗಿಯಿತು.

ಇನ್ನು ತುಕ್ಕಿನ ವಿಷಯ. ಮಲೆನಾಡಿನ ಮಳೆಯಲ್ಲಿ ಗನ್ ಇಡುವ ಕಷ್ಟ ಬಯಲುಸೀಮೆಯವರಿಗೆ ಗೊತ್ತಾಗಲ್ಲ. ಗನ್ ಬರುವ ಮೊದಲೇ ಒಂದು ಪ್ರಯೋಗ ಮಾಡಿದ್ದೆ. ಒಂದೇ ಡಬ್ಬಿಯ ಮೊಳೆಗಳನ್ನು ಉಜ್ಜಿ ಬೇರೆ ಬೇರೆ ಎಣ್ಣೆ ಸವರಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಸ್ಟೋರ್ ರೂಮಿನಲ್ಲಿ ನೇತು ಹಾಕಿದೆ. ಹೊಲಿಗೆ ಮೆಷಿನ್ ಎಣ್ಣೆ ಬೇಗ ಒಣಗಿತು, ಜುಲೈಗೇ ಕೆಂಪು ಕಂಡಿತು. ಕೊಬ್ಬರಿ ಎಣ್ಣೆ ತುಕ್ಕು ತಡೆದರೂ ಅಂಟಂಟಾಯಿತು, ಗನ್ನಿಗೆ ಬೇಡ. ಗನ್ ಆಯಿಲ್ ಮೇಲೆ ತೆಳ್ಳಗೆ ಗ್ರೀಸ್ ಕೈ ಆಡಿಸಿದ್ದು ಪೂರ್ತಿ ನಿಂತಿತು. ತೊಗಲಿನ ಚೀಲದಲ್ಲಿಟ್ಟ ಮೊಳೆ ಎಲ್ಲಕ್ಕಿಂತ ಮೊದಲು ಕೆಟ್ಟಿತು. ಹಾಗಾಗಿ ಹೋಲ್‌ಸ್ಟರ್ ಓಡಾಡಲು ಮಾತ್ರ. ಮನೆಯಲ್ಲಿ ಗನ್ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ, ಬೀಗದೊಳಗೆ. ಜೆಲ್ಲನ್ನು ತಿಂಗಳಿಗೊಮ್ಮೆ ಬಾಣಲೆಯಲ್ಲಿ ಹುರಿದು ಮತ್ತೆ ಹಾಕುತ್ತೇನೆ.

ಚುನಾವಣೆ ಬಂತು ಅಂದರೆ ಠಾಣೆಯಲ್ಲಿ ಇಡಬೇಕಾಗುತ್ತದೆ, ಅದು ಬಹಳ ಜನರಿಗೆ ಇರುವ ತಲೆನೋವು. ಒಳಗೆ ಹೊರಗೆ ಗ್ರೀಸ್ ಹಚ್ಚಿ, ಮೇಣದ ಕಾಗದ ಸುತ್ತಿ, ಡಬ್ಬಿ ಸಮೇತ ಕೊಡಿ. ರಸೀದಿಯಲ್ಲಿ "ರಿವಾಲ್ವರ್ 1" ಅಂತ ಬರೆದರೆ ಒಪ್ಪಬೇಡಿ. ಕಂಪನಿ, ಬೋರ್, ನಂಬರ್ ಮೂರೂ ಬರೆಸಿ. ವಾಪಸ್ ತರುವಾಗ ಅಲ್ಲೇ ಸಿಲಿಂಡರ್ ತೆರೆದು ನಂಬರ್ ನೋಡಿ, ಆಮೇಲೆ ಸಹಿ ಹಾಕಿ.